ಕೃಪೆ ಹಾಡಾದ ಊರು ಓಲ್ನಿ

ಲಂಡನ್ ನಗರದಿಂದ ವಾಯವ್ಯ ದಿಕ್ಕಿಗೆ ಸುಮಾರು 60 ಮೈಲಿ ಪಯಣಿಸಿದರೆ, ಬಕಿಂಗ್‌ಹ್ಯಾಮ್‌ಷೈರ್ ಸೀಮೆಯ ಉತ್ತರದ ಅಂಚಿನಲ್ಲಿ, ಊಜ್ ನದಿಯ ದಂಡೆಯ ಮೇಲೆ ಓಲ್ನಿ ಎಂಬ ಪುಟ್ಟ ಪೇಟೆಯೊಂದು ಕಾಣಸಿಗುತ್ತದೆ. ರೈಲು ಈ ಊರಿನವರೆಗೆ ಬರುವುದಿಲ್ಲ. ಮಿಲ್ಟನ್ ಕೀನ್ಸಿನಲ್ಲಿಯೋ ಬೆಡ್‌ಫರ್ಡಿನಲ್ಲಿಯೋ ಇಳಿದು ರಸ್ತೆಯ ದಾರಿ ಹಿಡಿಯಬೇಕು. ದಕ್ಷಿಣದಿಂದ ಬರುವ ಪ್ರವಾಸಿಗೆ ಊರಿಗಿಂತ ಮೊದಲು ಗೋಚರಿಸುವುದು ಅದರ ಚರ್ಚಿನ ಶಿಖರ. 14ನೆಯ ಶತಮಾನದ ಆ ಕಲ್ಲುಶಿಖರದ ಎತ್ತರ 185 ಅಡಿ. ಸುತ್ತಲಿನ ಹುಲ್ಲುಗಾವಲುಗಳು ತಗ್ಗಾಗಿರುವುದರಿಂದ ಅದು ಇನ್ನೂ ಎತ್ತರವಾಗಿ ತೋರುತ್ತದೆ. ನದಿಯಾದರೋ ಅವಸರವೆಂಬುದನ್ನೇ ಅರಿಯದು. ಬಳುಕುತ್ತ, ನಿಲ್ಲುತ್ತ, ವಿಲ್ಲೋ ಮರಗಳ ನೆರಳನ್ನು ಹೊತ್ತು ಸಾಗುತ್ತದೆ. ಸೇತುವೆಯನ್ನು ದಾಟಿದರೆ ಚರ್ಚು. ಅಲ್ಲಿಂದ ಮುಂದೆ ಸುಣ್ಣಕಲ್ಲಿನ ಮನೆಗಳು ಸಾಲಾಗಿ ನಿಂತ ಅಗಲವಾದ ಬೀದಿ. ಅದರ ನಡುವೆ ಹಳೆಯ ಸಂತೆಯ ಬಯಲು. ಇಷ್ಟೇ ಓಲ್ನಿ.

ಇಲ್ಲಿ ಕೋಟೆಕೊತ್ತಲಗಳಿಲ್ಲ, ಅರಮನೆಯ ವೈಭವವಿಲ್ಲ. ಆದರೂ ದೂರದೂರದ ದೇಶಗಳಿಂದ ಜನ ಈ ಊರನ್ನು ಅರಸಿಕೊಂಡು ಬರುತ್ತಾರೆ. ಅವರನ್ನು ಇಲ್ಲಿಗೆ ಕರೆತರುವುದು ಒಂದು ಹಾಡು. ‘ಅಮೇಜಿಂಗ್ ಗ್ರೇಸ್’ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾದ ಆ ಕೀರ್ತನೆಯನ್ನು ಓಲ್ನಿಯ ಪಾದ್ರಿಯಾಗಿದ್ದ ಜಾನ್ ನ್ಯೂಟನ್ 1773ರ ಜನವರಿ 1ರಂದು ತಾನು ಮಾಡಲಿದ್ದ ಹೊಸ ವರ್ಷದ ಉಪದೇಶಕ್ಕೆ ಹೊಂದುವಂತೆ ಬರೆದನು. ಈತ ಸೇಬಿನ ಹಣ್ಣು ಬಿದ್ದ ಕಥೆಯ ನ್ಯೂಟನ್ ಅಲ್ಲ. ಈತನ ಕಥೆ ಸಮುದ್ರದ್ದು. ಇಂದು ಎಲ್ಲರೂ ಗುನುಗುವ ಧಾಟಿ ಆ ಹಾಡಿಗೆ ಕೂಡಿಬಂದದ್ದು 1835ರಲ್ಲಿ, ಅಮೆರಿಕದಲ್ಲಿ. ಸಾವಿನ ಮನೆಯಲ್ಲಿ, ಸೆರೆಮನೆಯಲ್ಲಿ, ಸಹಸ್ರ ಜನ ನೆರೆದ ಸಭೆಗಳಲ್ಲಿ ಅದನ್ನು ಹಾಡಿದವರಿಗೆ ಲೆಕ್ಕವಿಲ್ಲ. ಆದರೆ ಹಾಡಿನ ಹಿಂದೆ ಇರುವ ಬಾಳು ಹಾಡಿನಷ್ಟು ಸರಳವಲ್ಲ. ಅದನ್ನು ತಿಳಿಯಬೇಕಾದರೆ ಓಲ್ನಿಯ ಬೀದಿಗಳಲ್ಲಿ ಸ್ವಲ್ಪ ಹೊತ್ತು ನಡೆಯಬೇಕು.

ಕ್ರೈಸ್ತ ಧರ್ಮದ ಪರಿಭಾಷೆಯಲ್ಲಿ ಕೃಪೆಯೆಂದರೆ ಕೇವಲ ದಯೆಯಲ್ಲ. ಯೋಗ್ಯತೆಯಿಲ್ಲದವನಿಗೆ, ಬೇಡಲು ಮುಖವೂ ಇಲ್ಲದವನಿಗೆ ದೊರೆಯುವ ದಾನ ಅದು. ಮನುಷ್ಯನು ತನ್ನ ಪುಣ್ಯದ ಬಲದಿಂದ ರಕ್ಷಣೆಯನ್ನು ಸಂಪಾದಿಸಲಾರನು. ಕ್ರಿಸ್ತನ ಮೂಲಕ ದೇವರು ಅದನ್ನು ಉಚಿತವಾಗಿ ಕೊಡುತ್ತಾನೆ. ನಂಬಿಕೆಯಿಂದ ಕೈಯೊಡ್ಡುವುದಷ್ಟೇ ಮನುಷ್ಯನ ಪಾಲಿನದು. ಸಂತ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ತಿರುಳು ಇದು. ಹಾಗಾದರೆ ಸದಾಚಾರಕ್ಕೆ ಬೆಲೆಯೇನು? ಕ್ಷಮೆ ಉಚಿತವಾಗಿ ದೊರೆಯುವುದಾದರೆ ಪಾಪ ಮಾಡಿದರೇನು, ಬಿಟ್ಟರೇನು? ಈ ಪ್ರಶ್ನೆಯನ್ನು ಪೌಲನೇ ರೋಮಾಪುರದವರಿಗೆ ಬರೆಯುವಾಗ ಎತ್ತಿ, ಅಂಥ ಮಾತು ಸರ್ವಥಾ ಸಲ್ಲದೆಂದು ಖಂಡಿತವಾಗಿ ನುಡಿದಿದ್ದಾನೆ. ಎಫೆಸದ ಪತ್ರಿಕೆಯಲ್ಲಿಯೂ ಸತ್ಕಾರ್ಯದಿಂದ ರಕ್ಷಣೆಯಿಲ್ಲವೆಂದು ಹೇಳಿದ ಬೆನ್ನಿಗೇ, ಸತ್ಕಾರ್ಯ ಮಾಡುವುದಕ್ಕೆಂದೇ ಮನುಷ್ಯನು ಹೊಸದಾಗಿ ನಿರ್ಮಿತನಾದನೆಂದು ಸೇರಿಸುತ್ತಾನೆ. ಪವಿತ್ರ ಜೀವನ ಕೃಪೆಗೆ ಕೊಡುವ ಬೆಲೆಯಲ್ಲ, ಕೃಪೆಯೆಂಬ ಬೇರಿನಿಂದ ಬರಬೇಕಾದ ಹಣ್ಣು. ತತ್ತ್ವವಾಗಿ ಇದು ಸುಲಭ. ಆದರೆ ಬೇರೂರಿದ ಎಷ್ಟು ದಿನಕ್ಕೆ ಹಣ್ಣು ಬರಬೇಕು? ಬಾರದಿದ್ದರೆ ಬೇರಿನ ಗತಿಯೇನು? ಓಲ್ನಿ ಕೇಳುವ ಪ್ರಶ್ನೆ ಇದು.

ಗಂಟೆಯ ಕರೆ

ಈ ಊರಿನಲ್ಲಿ ಧರ್ಮವು ಒಮ್ಮೊಮ್ಮೆ ನಗುತ್ತಲೂ ಬರುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲ ವಿಭೂತಿ ಬುಧವಾರದಂದು ಮೊದಲಾಗುತ್ತದೆ. ಅದರ ಹಿಂದಿನ ದಿನ ಶ್ರೋವ್ ಮಂಗಳವಾರ. ಪಾಪನಿವೇದನೆ ಮಾಡಿ ಪಾದ್ರಿಯಿಂದ ಕ್ಷಮಾವಚನ ಪಡೆಯುವ ಆಚಾರದಿಂದ ಆ ದಿನಕ್ಕೆ ಆ ಹೆಸರು ಬಂದಿತು. ಉಪವಾಸಕ್ಕೆ ಮುನ್ನ ಮನೆಯಲ್ಲಿ ಉಳಿದ ಮೊಟ್ಟೆ, ಹಾಲು, ಬೆಣ್ಣೆಗಳನ್ನು ಹಿಟ್ಟಿನೊಡನೆ ಕಲಸಿ ದೋಸೆಯಂತೆ ಹುಯ್ದು ತಿಂದು ಮುಗಿಸುವುದು ಹಳೆಯ ಪದ್ಧತಿ. ಆ ತಿಂಡಿಯೇ ಪ್ಯಾನ್‌ಕೇಕ್.

1445ರಲ್ಲಿ, ಹೀಗೆಂದು ಊರಿನ ಐತಿಹ್ಯ, ಓಲ್ನಿಯ ಗೃಹಿಣಿಯೊಬ್ಬಳು ಒಲೆಯ ಮುಂದೆ ನಿಂತಿದ್ದಾಗ ಚರ್ಚಿನ ಗಂಟೆ ಮೊಳಗಿತು. ಪಾಪನಿವೇದನೆಗೆ ಹೊತ್ತು ಮೀರಿತೆಂದು ಗಾಬರಿಗೊಂಡ ಆಕೆ ಉಟ್ಟ ಅಡಿಗೆಯ ಬಟ್ಟೆಯಲ್ಲಿಯೇ, ಕೈಯಲ್ಲಿ ಕಾವಲಿಯನ್ನು ಹಿಡಿದುಕೊಂಡೇ ಚರ್ಚಿಗೆ ಓಡಿದಳಂತೆ. ಅದರ ನೆನಪಿಗಾಗಿ ಇಂದಿಗೂ ಪ್ರತಿವರ್ಷ ಓಲ್ನಿಯ ಹೆಂಗಸರು ತಲೆಗೆ ವಸ್ತ್ರ ಕಟ್ಟಿ, ಸೊಂಟಕ್ಕೆ ಏಪ್ರನ್ ಸುತ್ತಿ, ಕಾವಲಿಯಲ್ಲಿ ಪ್ಯಾನ್‌ಕೇಕ್ ಇಟ್ಟುಕೊಂಡು ಸಂತೆಯ ಬಯಲಿನಿಂದ ಚರ್ಚಿನವರೆಗೆ 415 ಗಜ ಓಡುತ್ತಾರೆ. ನಡುವೆ ನಿಂತುಹೋಗಿದ್ದ ಈ ಓಟವನ್ನು 1948ರಲ್ಲಿ ಊರಿನ ಪಾದ್ರಿಯೇ ಮತ್ತೆ ಎಬ್ಬಿಸಿದನು. 1950ರಿಂದ ಅಮೆರಿಕದ ಕ್ಯಾನ್ಸಸ್ ಪ್ರಾಂತದ ಲಿಬರಲ್ ಎಂಬ ಊರಿನವರು ಓಲ್ನಿಯವರೊಡನೆ ಪಂತಕ್ಕೆ ನಿಂತಿದ್ದಾರೆ. ಓಟ ಮುಗಿದೊಡನೆ ಎಲ್ಲರೂ ಚರ್ಚಿನೊಳಗೆ ಸೇರಿ ಆರಾಧನೆ ನಡೆಸುತ್ತಾರೆ. ಆಗ ಇದೇ ಊರಿನಲ್ಲಿ ಹುಟ್ಟಿದ ಕೀರ್ತನೆಗಳನ್ನು ಹಾಡುವುದು ವಾಡಿಕೆ.

ನೋಡಿ ನಗುವಂಥ ಆಟವೇನೋ ನಿಜ. ಆದರೂ ಅದರೊಳಗೆ ಒಂದು ಗಂಭೀರವಾದ ಮಾತು ಅಡಗಿದೆ. ಗಂಟೆ ಕೇಳಿದೊಡನೆ ಆ ಗೃಹಿಣಿ ಕೈಯಲ್ಲಿದ್ದುದನ್ನು ಇಳಿಸುವುದಕ್ಕೂ ನಿಲ್ಲಲಿಲ್ಲ. ಎಲ್ಲರ ಕಿವಿಗೂ ಗಂಟೆ ಅಷ್ಟು ಬೇಗ ಕೇಳಿಸುವುದಿಲ್ಲ. ಈ ಚರ್ಚಿನ ಅತ್ಯಂತ ಪ್ರಸಿದ್ಧನಾದ ಪಾದ್ರಿಗೆ ಅದು ಪೂರ್ತಿಯಾಗಿ ಕೇಳಿಸಲು ನಲವತ್ತು ವರ್ಷಗಳು ಹಿಡಿದುವು.

ಹಡಗಿನಿಂದ ಉಪದೇಶಪೀಠಕ್ಕೆ

ಸಂತ ಪೇತ್ರ ಮತ್ತು ಸಂತ ಪೌಲರ ಹೆಸರಿನ ಈ ಚರ್ಚು ಒಳಗೆ ವಿಶಾಲವಾಗಿದೆ. ಎತ್ತರವಾದ ಕಿಟಕಿಗಳಿಂದ ಬೆಳಕು ಧಾರಾಳವಾಗಿ ಇಳಿಯುತ್ತದೆ. ನ್ಯೂಟನ್ನನು ನಿಂತು ಬೋಧಿಸಿದ ಮರದ ಉಪದೇಶಪೀಠವನ್ನು ಇಲ್ಲಿ ಕಾಪಾಡಿಟ್ಟಿದ್ದಾರೆ. ಬಣ್ಣದ ಗಾಜಿನ ಕಿಟಕಿಯೊಂದರಲ್ಲಿ ಆತನ ಚಿತ್ರವಿದೆ. ಪಾದ್ರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಆತನ ಬಾಳಿನ ಮೊದಲ ಭಾಗವೇ ಉತ್ತರ.

ಜಾನ್ ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಹಡಗಿನ ಕಪ್ತಾನನೊಬ್ಬನ ಮಗನಾಗಿ ಹುಟ್ಟಿದನು. ದೈವಭಕ್ತಳಾದ ತಾಯಿ ಮಗನಿಗೆ ಏಳು ತುಂಬುವ ಮೊದಲೇ ತೀರಿಕೊಂಡಳು. ಹನ್ನೊಂದರ ವಯಸ್ಸಿಗೆ ಸಮುದ್ರಕ್ಕೆ ಇಳಿದ ಹುಡುಗ ಬೆಳೆದಂತೆ ದೇವರನ್ನು ಬಿಟ್ಟನು. ಬಿಟ್ಟುದು ಸಾಲದೆಂದು ಸಂಗಡಿಗರ ನಂಬಿಕೆಯನ್ನೂ ಹಾಸ್ಯ ಮಾಡಿ ಕೆಡಿಸಿದನು. 1744ರಲ್ಲಿ ಆತನನ್ನು ಬಲಾತ್ಕಾರವಾಗಿ ಯುದ್ಧದ ಹಡಗಿಗೆ ಎಳೆದೊಯ್ದರು. ಅಲ್ಲಿಂದ ತಪ್ಪಿಸಿಕೊಳ್ಳಹೋಗಿ ಸಿಕ್ಕಿಬಿದ್ದು ಚಾವಟಿಯ ಏಟು ತಿಂದನು. ಕೊನೆಗೆ ಪಶ್ಚಿಮ ಆಫ್ರಿಕದ ತೀರದಲ್ಲಿ, ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಸೇರಿ, ಜ್ವರ ಹಸಿವುಗಳಿಂದ ಬಳಲಿ, ಕೊಳ್ಳಲ್ಪಟ್ಟ ಆಳುಗಳಿಗಿಂತ ಕೀಳಾದ ಸ್ಥಿತಿಗೆ ಇಳಿದನು. ಸಂಕೋಲೆ ತೊಟ್ಟ ಆ ಜನ ತಮ್ಮ ಪಾಲಿನ ಅನ್ನದಲ್ಲಿ ಗುಟ್ಟಾಗಿ ಸ್ವಲ್ಪವನ್ನು ತನಗೆ ಕೊಟ್ಟು ಉಳಿಸಿದರೆಂದು ಆತನೇ ಮುಂದೆ ಬರೆದಿಟ್ಟಿದ್ದಾನೆ.

1748ರಲ್ಲಿ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಆತನಿಗೆ ಬಿಡುಗಡೆಯಾಯಿತು. ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಇಂದಿನ ಪಂಚಾಂಗದಂತೆ ಮಾರ್ಚ್ 21ರಂದು, ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಭಯಂಕರವಾದ ಬಿರುಗಾಳಿ ಎದ್ದು ಹಡಗಿನ ಪಕ್ಕವನ್ನೇ ಒಡೆಯಿತು. ಒಳಗಿದ್ದ ಸರಕು ಜೇನುಮೇಣ ಮತ್ತು ಮರವಾದುದರಿಂದ ಹಡಗು ಮುಳುಗದೆ ತೇಲಿತು. ಗಂಟೆಗಟ್ಟಲೆ ನೀರನ್ನು ಎತ್ತಿಹಾಕಿ, ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ನಿಂತ ನ್ಯೂಟನ್ನನ ಬಾಯಿಂದ ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ನಾಲ್ಕು ವಾರಗಳ ಮೇಲೆ ಅಳಿದುಳಿದ ಹಡಗು ಐರ್ಲೆಂಡಿನ ದಡ ಸೇರಿತು. ಸಾಯುವವರೆಗೂ ಆತ ಮಾರ್ಚ್ 21ನ್ನು ಉಪವಾಸ ಪ್ರಾರ್ಥನೆಗಳ ದಿನವನ್ನಾಗಿ ಆಚರಿಸಿದನು.

ಬೇರೆ ಕಥೆಗಾರನಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದನು: ಪಾಪಿ ಬಿರುಗಾಳಿಯಲ್ಲಿ ದೇವರನ್ನು ಕಂಡನು, ಹೊಸ ಮನುಷ್ಯನಾದನು. ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ. ಬಿರುಗಾಳಿಯ ಮರುವರ್ಷಗಳಲ್ಲಿ, 1750ರಿಂದ 1754ರ ನಡುವೆ, ಪ್ರಾರ್ಥನೆ ಕಲಿತ ಇದೇ ನ್ಯೂಟನ್ ‘ಡ್ಯೂಕ್ ಆಫ್ ಆರ್ಗೈಲ್’ ಮತ್ತು ‘ಆಫ್ರಿಕನ್’ ಎಂಬ ಹಡಗುಗಳ ಕಪ್ತಾನನಾಗಿ ಮೂರು ಸಲ ಆಫ್ರಿಕಕ್ಕೆ ಹೋಗಿ, ಗಂಡಸರು ಹೆಂಗಸರು ಮಕ್ಕಳನ್ನು ಕೊಂಡು, ಸಂಕೋಲೆಯಲ್ಲಿ ಬಿಗಿದು ಅಟ್ಲಾಂಟಿಕ್ಕಿನ ಆಚೆಗೆ ಮಾರಿದನು. ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಏಕಾಂತದಲ್ಲಿ ಬೈಬಲ್ ಓದುತ್ತಿದ್ದನು. ಹೆಂಡತಿ ಮೇರಿಗೆ ಕೋಮಲವಾದ ಪತ್ರಗಳನ್ನು ಬರೆಯುತ್ತಿದ್ದನು. ಅವನ ಕಾಲಿನ ಹಲಗೆಯ ಕೆಳಗೆ ಸರಪಳಿ ತೊಟ್ಟ ಜನ ಒತ್ತೊತ್ತಾಗಿ ಬಿದ್ದಿದ್ದರು. ದಂಗೆಯ ಒಳಸಂಚನ್ನು ಹೊರಗೆಡಹಿಸಲು ಹುಡುಗರ ಹೆಬ್ಬೆರಳಿಗೆ ತಿರುಪು ಬಿಗಿಸಿದ ಸಂಗತಿಯನ್ನು ಆತನ ಕೈಯೇ ದಿನಚರಿಯಲ್ಲಿ ಬರೆದಿದೆ. ಆ ಸರಪಳಿಗಳ ಸಹವಾಸ ಒಮ್ಮೊಮ್ಮೆ ಬೇಸರ ತರುತ್ತಿತ್ತಂತೆ. ಇದಕ್ಕಿಂತ ಮೃದುವಾದ ಉದ್ಯೋಗ ದೊರೆಯಲೆಂದು ಪ್ರಾರ್ಥಿಸಿದ್ದೂ ಉಂಟಂತೆ. ಆದರೆ ಇದು ಪಾಪವೆಂದು ಅಂದು ತೋಚಲಿಲ್ಲ. ಸುತ್ತಲಿನ ಸಮಾಜ ಅದನ್ನು ಮರ್ಯಾದಸ್ಥರ ವ್ಯಾಪಾರವೆಂದೇ ಎಣಿಸಿತ್ತು. 1754ರಲ್ಲಿ ಆತ ಸಮುದ್ರವನ್ನು ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ. ಹಠಾತ್ತನೆ ಮೂರ್ಛೆ ಬಂದು ಆರೋಗ್ಯ ಕೆಟ್ಟದ್ದರಿಂದ.

ಗೋಡೆಯ ಮೇಲಿನ ವಾಕ್ಯ

ಲಿವರ್‌ಪೂಲ್ ಬಂದರಿನಲ್ಲಿ ಕೆಲವು ವರ್ಷ ಸರ್ಕಾರಿ ನೌಕರಿ ಮಾಡಿ, ಗ್ರೀಕ್ ಹೀಬ್ರೂಗಳನ್ನು ತಾನೇ ಕಲಿತು, ಹಲವು ಸಲ ನಿರಾಕೃತನಾಗಿ, ಕೊನೆಗೆ ಲಾರ್ಡ್ ಡಾರ್ಟ್‌ಮತ್‌ನ ಸಹಾಯದಿಂದ 1764ರಲ್ಲಿ ನ್ಯೂಟನ್ ಓಲ್ನಿಗೆ ಸಹಾಯಕ ಪಾದ್ರಿಯಾಗಿ ಬಂದನು. ವರ್ಷಕ್ಕೆ ಸುಮಾರು 60 ಪೌಂಡು ಸಂಬಳ. ಊರು ಕಡುಬಡವರದು. ಹೆಂಗಸರು ಮಕ್ಕಳೆಲ್ಲ ಕತ್ತಲು ಕವಿದ ಕೋಣೆಗಳಲ್ಲಿ ದಿಂಬಿನ ಮೇಲೆ ನೂಲು ಹೆಣೆದು ಲೇಸು ತಯಾರಿಸುತ್ತಿದ್ದರು. ಈ ಸಣ್ಣ ಊರಿನಲ್ಲಿ 1200ಕ್ಕೆ ಸಮೀಪವಾಗಿ ಲೇಸುಗಾರರಿದ್ದರೆಂದು ಕವಿ ಕೂಪರ್ 1780ರ ಪತ್ರವೊಂದರಲ್ಲಿ ಬರೆದಿದ್ದಾನೆ. ಅವರ ಬೆರಳಿನ ಲೇಸು ಶ್ರೀಮಂತರ ಕೊರಳನ್ನು ಸಿಂಗರಿಸುತ್ತಿತ್ತು. ಅವರ ಒಲೆ ಮಾತ್ರ ಬಹಳ ದಿನ ಉರಿಯುತ್ತಿರಲಿಲ್ಲ.

ಹಳೆಯ ನೀಲಿ ನಾವಿಕರ ಅಂಗಿಯನ್ನೇ ತೊಟ್ಟು ಈ ಪಾದ್ರಿ ಮನೆಮನೆಗೆ ನಡೆದನು. ಜಾನ್ ತಾರ್ನ್‌ಟನ್ ಎಂಬ ಲಂಡನ್ನಿನ ವರ್ತಕ ಬಡಬಗ್ಗರಿಗಾಗಿ ವರ್ಷಕ್ಕೆ 200 ಪೌಂಡುಗಳನ್ನು ಆತನ ಕೈಗೆ ಕೊಡುತ್ತಿದ್ದನು. ಉಪದೇಶ ಕೇಳಲು ಬರುವ ಜನ ಹೆಚ್ಚಿ, ಚರ್ಚಿನಲ್ಲಿ ಹೊಸದಾಗಿ ಮೇಲಟ್ಟ ಕಟ್ಟಬೇಕಾಯಿತು. ಆದರೆ ಪವಿತ್ರ ಜೀವನದ ಬೋಧನೆ ಎಲ್ಲರಿಗೂ ರುಚಿಸುವ ವಸ್ತುವಲ್ಲ. 1777ರಲ್ಲಿ ಊರಿಗೆ ಬೆಂಕಿ ಬಿದ್ದು ಹಾನಿಯಾದ ಕೆಲವೇ ದಿನಗಳಿಗೆ ನವೆಂಬರ್ 5ರ ದೀಪೋತ್ಸವ ಬಂದಿತು. ಈ ವರ್ಷ ಗದ್ದಲ ಬೇಡವೆಂದ ಪಾದ್ರಿಯ ಮನೆಗೆ ಕುಡಿದ ಗುಂಪೊಂದು ನುಗ್ಗಲು ಬಂದಿತು. ಒಳಗೆ ಹೆಂಡತಿ ಹೆದರಿ ಕಂಗಾಲಾಗಿದ್ದಳು. ನ್ಯೂಟನ್ ಮೃದುವಾದ ಮಾತನ್ನೂ ಗುಂಪಿನ ನಾಯಕನಿಗೆ ಒಂದು ಶಿಲಿಂಗನ್ನೂ ಹೊರಗೆ ಕಳುಹಿಸಿ ಅವರನ್ನು ಸಾಗಹಾಕಿದನು. ಕೃಪೆಯನ್ನು ಹಾಡಲು ಊರೆಲ್ಲ ಸೇರುತ್ತದೆ. ನಡತೆಯನ್ನು ತಿದ್ದಿಕೊಳ್ಳಿರೆಂದರೆ ಕಲ್ಲು ಕೈಗೆ ಬರುತ್ತದೆ. ಇದು ಓಲ್ನಿಗೆ ಮಾತ್ರ ಸೇರಿದ ಮಾತಲ್ಲ.

ಚರ್ಚಿನ ಪಕ್ಕದ ಪಾದ್ರಿಮನೆಯ ಮೇಲಂತಸ್ತಿನಲ್ಲಿ ನ್ಯೂಟನ್ನನ ಓದುವ ಕೋಣೆಯಿತ್ತು. ಅಗ್ಗಿಷ್ಟಿಕೆಯ ಮೇಲಿನ ಗೋಡೆಯಲ್ಲಿ ಆತ ಬೈಬಲಿನ ಎರಡು ವಾಕ್ಯಗಳನ್ನು ದೊಡ್ಡದಾಗಿ ಬರೆಯಿಸಿದ್ದನು. ಒಂದು ಯೆಶಾಯನ ಗ್ರಂಥದ್ದು. ದೇವರ ಕಣ್ಣಿಗೆ ತಾನು ಬೆಲೆಯುಳ್ಳವನಾದೆನೆಂಬ ಅರ್ಥದ್ದು. ಇನ್ನೊಂದು ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯದ್ದು. ಐಗುಪ್ತದಲ್ಲಿ ನೀನು ದಾಸನಾಗಿದ್ದುದನ್ನೂ ದೇವರು ನಿನ್ನನ್ನು ಬಿಡಿಸಿದ್ದನ್ನೂ ಮರೆಯಬೇಡವೆಂದು ಅದು ಎಚ್ಚರಿಸುತ್ತದೆ. ತಾನು ಆಫ್ರಿಕದಲ್ಲಿ ಆಳಿನ ಆಳಾಗಿದ್ದುದನ್ನೂ ಅಲ್ಲಿಂದ ಎತ್ತಲ್ಪಟ್ಟುದನ್ನೂ ದಿನದಿನವೂ ನೆನೆಯಬೇಕೆಂದು ಆತ ಅದನ್ನು ಬರೆಯಿಸಿದನು. ವಿನಯದ ಸಂಕಲ್ಪವೇ ಸರಿ.

ಆದರೆ ಆ ಅಧ್ಯಾಯವನ್ನು ತೆರೆದು ವಾಕ್ಯದ ಹಿಂದೆ ಮುಂದೆ ಓದಿದವರು ಬೆಚ್ಚುತ್ತಾರೆ. ಆ ಭಾಗವೆಲ್ಲ ದಾಸರ ಬಿಡುಗಡೆಯ ಕಟ್ಟಳೆ! ನಿನ್ನ ಜನದ ದಾಸನು ಆರು ವರ್ಷ ದುಡಿದರೆ ಏಳನೆಯ ವರ್ಷ ಅವನನ್ನು ಬಿಟ್ಟುಬಿಡಬೇಕು. ಬರಿಗೈಯಲ್ಲಿ ಕಳುಹಿಸದೆ ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಧಾರಾಳವಾಗಿ ಕೊಟ್ಟು ಕಳುಹಿಸಬೇಕು. ಏಕೆಂದರೆ ನೀನೂ ದಾಸನಾಗಿದ್ದವನು. ನ್ಯೂಟನ್ ಗೋಡೆಗೆ ಏರಿಸಿದ್ದು ಆ ‘ಏಕೆಂದರೆ’ ಎಂಬುದರ ನಂತರದ ಭಾಗವನ್ನು ಮಾತ್ರ. ತನಗೆ ದೊರೆತ ಬಿಡುಗಡೆ ಗೋಡೆಯ ಮೇಲಿತ್ತು. ತಾನು ಕೊಡಬೇಕಾಗಿದ್ದ ಬಿಡುಗಡೆ ಪುಸ್ತಕದಲ್ಲಿಯೇ ಉಳಿದಿತ್ತು. ಓಲ್ನಿಯ ಹದಿನಾರು ವರ್ಷಗಳಲ್ಲಿ, ಕೃಪೆಯ ಆ ಮಹಾಗೀತೆ ಹುಟ್ಟಿದ ದಿನಗಳಲ್ಲಿಯೂ, ಗುಲಾಮರ ವ್ಯಾಪಾರದ ವಿರುದ್ಧ ಆತ ಬಹಿರಂಗವಾಗಿ ದನಿಯೆತ್ತಲಿಲ್ಲ.

ತೋಟದಾಚೆಯ ಮನೆ

ಸಂತೆಯ ಬಯಲಿನ ಅಂಚಿನಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಮನೆಯೊಂದಿದೆ. ‘ಆರ್ಚರ್ಡ್ ಸೈಡ್’ ಎಂಬ ಈ ಮನೆ 1900ರಿಂದ ಕೂಪರ್ ಮತ್ತು ನ್ಯೂಟನ್ನರ ನೆನಪಿನ ವಸ್ತುಸಂಗ್ರಹಾಲಯವಾಗಿದೆ. ಕವಿ ವಿಲಿಯಂ ಕೂಪರ್ 1768ರಿಂದ 1786ರವರೆಗೆ ವಾಸಿಸಿದ್ದು ಇಲ್ಲಿಯೇ. ಆತನ ಕೋಣೆಗಳನ್ನೂ ಊರಿನ ಲೇಸನ್ನೂ ನೋಡಿ ಹಿತ್ತಿಲಿಗೆ ಇಳಿದರೆ ಹೂದೋಟದಲ್ಲಿ ಒಬ್ಬನೋ ಇಬ್ಬರೋ ಕೂರುವಷ್ಟು ಚಿಕ್ಕ ಬೇಸಗೆಮನೆ. ಕವಿ ಬರೆಯುತ್ತಿದ್ದುದು ಅದರಲ್ಲಿ. ಅಲ್ಲಿಂದಾಚೆಗೆ ಒಂದು ತೋಟ, ತೋಟದಾಚೆ ಪಾದ್ರಿಮನೆ. ಗೆಳೆಯರಿಬ್ಬರೂ ಬೀದಿ ಬಳಸದೆ ಹಾದುಹೋಗಲು ವರ್ಷಕ್ಕೆ ಒಂದು ಗಿನ್ನಿ ಬಾಡಿಗೆ ಕೊಟ್ಟು ಆ ತೋಟದಲ್ಲಿ ದಾರಿ ಮಾಡಿಕೊಂಡಿದ್ದರು. ಇಬ್ಬರೂ ಸೇರಿ ಊರಿನ ಪ್ರಾರ್ಥನಾಕೂಟಗಳಿಗೆಂದು ಬರೆದ 348 ಕೀರ್ತನೆಗಳು 1779ರಲ್ಲಿ ‘ಓಲ್ನಿ ಹಿಮ್ಸ್’ ಎಂಬ ಹೆಸರಿನಿಂದ ಅಚ್ಚಾದುವು. ಅವುಗಳಲ್ಲಿ ಸುಮಾರು 280 ನ್ಯೂಟನ್ನನವು, ಉಳಿದುವು ಕೂಪರನವು.

ತೋಟದ ಎರಡು ಕಡೆಯ ಆ ಮನೆಗಳಷ್ಟು ವಿಚಿತ್ರವಾದ ನೆರೆಹೊರೆ ಅಪರೂಪ. ಒಂದು ಮನೆಯಲ್ಲಿ ಮನುಷ್ಯರನ್ನು ಮಾರಿದವನು ತನಗೆ ಕ್ಷಮೆ ದೊರೆಯಿತೆಂದು ನಿಶ್ಚಿಂತನಾಗಿದ್ದನು. ಇನ್ನೊಂದರಲ್ಲಿ ಮೊಲದ ಮರಿಗೂ ನೋವಾಗದಂತೆ ಬಾಳಿದವನು ತನಗೆ ಕ್ಷಮೆಯಿಲ್ಲವೆಂದು ಕೊರಗುತ್ತಿದ್ದನು. ಕೂಪರ್ 1763ರಲ್ಲಿ ಬುದ್ಧಿ ಕದಡಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿ, ಚಿಕಿತ್ಸಾಲಯದಲ್ಲಿದ್ದಾಗ ಬೈಬಲ್ ಓದಿ ಸಮಾಧಾನ ಕಂಡವನು. 1773ರ ಜನವರಿಯಲ್ಲಿ, ಕೃಪೆಯ ಗೀತೆ ಹುಟ್ಟಿದ ಅದೇ ತಿಂಗಳಲ್ಲಿ, ಆತನ ಮನಸ್ಸು ಮತ್ತೆ ಮುರಿಯಿತು. ನೀನು ನಾಶವಾದೆ, ಎಲ್ಲ ಮುಗಿಯಿತೆಂಬ ವಾಣಿ ಕನಸಿನಲ್ಲಿ ಕೇಳಿಸಿತಂತೆ. ಕೃಪೆ ಜಗತ್ತಿಗೆಲ್ಲ ಉಂಟು, ತನ್ನೊಬ್ಬನಿಗೆ ಇಲ್ಲವೆಂಬ ಭ್ರಮೆ ಆತನನ್ನು ಸಾಯುವವರೆಗೆ ಬಿಡಲಿಲ್ಲ. ಅಂದಿನಿಂದ ಆತ ಚರ್ಚಿನ ಹೊಸಲು ತುಳಿಯಲಿಲ್ಲ.

ನ್ಯೂಟನ್ ಏನು ಮಾಡಿದನು? ವಾದಿಸಿ ಗೆಲ್ಲಲು ಹೋಗಲಿಲ್ಲ. 1773ರ ಏಪ್ರಿಲಿನಲ್ಲಿ ಪಾದ್ರಿಮನೆಗೆ ಬಂದ ಗೆಳೆಯನನ್ನು ಮರುವರ್ಷದ ಮೇ ತಿಂಗಳವರೆಗೆ, ವರ್ಷಕ್ಕೂ ಮಿಗಿಲಾಗಿ, ತನ್ನ ಸೂರಿನ ಕೆಳಗೆ ಇಟ್ಟುಕೊಂಡು ಗಂಡಹೆಂಡಿರಿಬ್ಬರೂ ಉಪಚರಿಸಿದರು. ರಾತ್ರಿಯೆಲ್ಲ ಕಾವಲಿದ್ದದ್ದೂ ಉಂಟು. ಮನೆಗೆ ಮರಳಿದ ಮೇಲೆ ಕೂಪರ್ ಮೊಲಗಳನ್ನು ಸಾಕಿದನು, ಗಿಡ ನೆಟ್ಟನು, ಮೆಲ್ಲನೆ ಕವಿತೆಗೆ ಮರಳಿ 1785ರಲ್ಲಿ ‘ದಿ ಟಾಸ್ಕ್’ ಎಂಬ ಕಾವ್ಯವನ್ನು ಹೊರತಂದು ನಾಡಿನ ಮೆಚ್ಚಿನ ಕವಿಯಾದನು.

ರಕ್ಷಣೆ ಪುಣ್ಯಕ್ಕೆ ದೊರೆಯುವ ಕೂಲಿಯಾಗಿದ್ದರೆ ಕೂಪರನಿಗಿಂತ ಅರ್ಹರು ಓಲ್ನಿಯಲ್ಲಿ ಯಾರಿದ್ದರು? ಕೃಪೆಯನ್ನು ಯೋಗ್ಯತೆಯಿಂದ ಅಳೆಯಬಾರದೆಂದು ಕ್ರೈಸ್ತ ಆಚಾರ್ಯರು ಹಟ ಹಿಡಿದು ಹೇಳುವುದು ಪಾಪಿಗೆ ಸಲಿಗೆ ಕೊಡುವುದಕ್ಕಲ್ಲ. ಕೂಪರನಂಥ ಬೆಂದ ಜೀವಕ್ಕೆ ನೆಲೆಯೊಂದನ್ನು ತೋರುವುದಕ್ಕೆ. ಆತ ಅದನ್ನು ನಂಬಲಾರದೆ ಹೋದನು. ಆದರೆ ಗೆಳೆಯನ ಮನೆಯ ಬಾಗಿಲಿನ ರೂಪದಲ್ಲಿ ಅದು ಆತನ ಪಾಲಿಗೆ ತೆರೆದೇ ಇತ್ತು. ಉಪದೇಶಪೀಠದ ಮೇಲಿನ ನ್ಯೂಟನ್ನನಿಗಿಂತ ರೋಗಿಯ ಮಂಚದ ಬಳಿಯ ನ್ಯೂಟನ್ನನು ಪವಿತ್ರ ಜೀವನಕ್ಕೆ ಹತ್ತಿರವಾಗಿ ಕಾಣುತ್ತಾನೆ.

ತಡವಾಗಿ ಬಂದ ನಿವೇದನೆ

1780ರಲ್ಲಿ ನ್ಯೂಟನ್ ಓಲ್ನಿಯನ್ನು ಬಿಟ್ಟು ಲಂಡನ್ನಿನ ಸೇಂಟ್ ಮೇರಿ ವುಲ್ನತ್ ಚರ್ಚಿಗೆ ಹೋದನು. 1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣ ಪಾರ್ಲಿಮೆಂಟ್ ಸದಸ್ಯನು ಯಾರಿಗೂ ತಿಳಿಯದಂತೆ ಆತನನ್ನು ಕಾಣಬಂದನು. ಒಳಗೆ ಹೋಗಲು ಧೈರ್ಯ ಸಾಲದೆ ಚೌಕವನ್ನು ಸುತ್ತುಹಾಕಿ ಆಮೇಲೆ ಬಾಗಿಲು ತಟ್ಟಿದನು. ಮನಸ್ಸು ದೇವರ ಕಡೆಗೆ ತಿರುಗಿದೆ, ರಾಜಕಾರಣವನ್ನು ಬಿಟ್ಟುಬಿಡಲೇ ಎಂಬುದು ಆತನ ಸಂದೇಹ. ಬಿಡಬೇಡವೆಂದು ನ್ಯೂಟನ್ ಹೇಳಿದನು. ಆ ತರುಣನೇ ಮುಂದೆ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಹೋರಾಟಕ್ಕೆ ಪಾರ್ಲಿಮೆಂಟಿನಲ್ಲಿ ಮುಂದಾಳಾದನು.

ನ್ಯೂಟನ್ನನ ಬಾಯಿ ಬಿಚ್ಚಿದ್ದು 1788ರಲ್ಲಿ. ಬಿರುಗಾಳಿಯ ದಿನದಿಂದ ಎಣಿಸಿದರೆ ಸರಿಯಾಗಿ ನಲವತ್ತನೆಯ ವರ್ಷ. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತ ಆ ಸಣ್ಣ ಪುಸ್ತಕದಲ್ಲಿ ಆತ ತನ್ನ ಹೆಸರನ್ನು ಮುಚ್ಚಲಿಲ್ಲ, ತನ್ನ ಪಾಲನ್ನು ಕಡಿಮೆ ಮಾಡಿ ಹೇಳಲಿಲ್ಲ. ಇಂದು ನೆನೆದರೆ ಎದೆ ನಡುಗುವ ಕೆಲಸದಲ್ಲಿ ತಾನು ಕೈಯಾರೆ ತೊಡಗಿದ್ದೆನೆಂದೂ, ಈ ನಿವೇದನೆ ಬಹಳ ತಡವಾಯಿತೆಂದೂ, ಆ ನೆನಪು ತನ್ನನ್ನು ಸದಾ ತಲೆ ತಗ್ಗಿಸುವಂತೆ ಮಾಡುವುದೆಂದೂ ಒಪ್ಪಿಕೊಂಡನು. ಸಂಕೋಲೆ, ತಿರುಪು, ಚಾವಟಿ, ಹಡಗಿನ ಹೊಟ್ಟೆಯಲ್ಲಿ ಕಪಾಟಿನ ಪುಸ್ತಕಗಳಂತೆ ಜೋಡಿಸಿದ ದೇಹಗಳು, ಹೆಂಗಸರ ಮೇಲೆ ನಡೆದ ಅತ್ಯಾಚಾರ, ಎಲ್ಲವನ್ನೂ ಕಂಡವನಂತೆ ಬರೆದನು. ಕಂಡವನೇ ಬರೆದದ್ದರಿಂದ ವ್ಯಾಪಾರಿಗಳಿಗೆ ಅಲ್ಲಗಳೆಯಲು ಎಡೆಯಿರಲಿಲ್ಲ. 1788ರಲ್ಲಿ ಪ್ರಿವಿ ಕೌನ್ಸಿಲಿನ ಮುಂದೆಯೂ 1790ರಲ್ಲಿ ಕಾಮನ್ಸ್ ಸಭೆಯ ಸಮಿತಿಯ ಮುಂದೆಯೂ ಸಾಕ್ಷಿ ನುಡಿದನು. ಆ ವರ್ಷವೇ, 1788ರಲ್ಲಿ, ಕೂಪರನೂ ಆ ವ್ಯಾಪಾರವನ್ನು ಖಂಡಿಸಿ ಕವಿತೆಗಳನ್ನು ಕಟ್ಟಿದನು. ತಾನು ನಾಶವಾದವನೆಂದು ನಂಬಿದ್ದವನ ಲೇಖನಿ ಬೇರೆಯವರ ಬಿಡುಗಡೆಗಾಗಿ ದುಡಿಯಿತು.

1807ರ ಮಾರ್ಚ್ 25ರಂದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನಕ್ಕೆ ಅರಸನ ಅಂಕಿತ ಬಿದ್ದಿತು. ಅದೇ ವರ್ಷದ ಡಿಸೆಂಬರ್ 21ರಂದು, 82ರ ವಯಸ್ಸಿನಲ್ಲಿ, ಕಣ್ಣು ಮಬ್ಬಾದ ಮುದುಕ ನ್ಯೂಟನ್ ತೀರಿಕೊಂಡನು.

ಓಲ್ನಿಯಿಂದ ಕನ್ನಡದವರೆಗೆ

ಕನ್ನಡಿಗರು ಈ ಊರಿನಲ್ಲಿ ನೆನೆಯಬೇಕಾದ ಇನ್ನೊಂದು ಹೆಸರುಂಟು. ನ್ಯೂಟನ್ನನ ಕಾಲದಲ್ಲಿ ಓಲ್ನಿಯ ಬ್ಯಾಪ್ಟಿಸ್ಟ್ ಸಭೆಗೆ ಜಾನ್ ಸಟ್‌ಕ್ಲಿಫ್ ಎಂಬವನು ಬೋಧಕನಾಗಿದ್ದನು. 1785ರಲ್ಲಿ ಆ ಸಭೆಗೆ ಜೋಡು ಹೊಲಿಯುವ ಬಡ ತರುಣನೊಬ್ಬ ಸದಸ್ಯನಾಗಿ ಸೇರಿದನು. ಆತನೇ ವಿಲಿಯಂ ಕೇರಿ. 1793ರಲ್ಲಿ ಬಂಗಾಳಕ್ಕೆ ಹೊರಟ ಕೇರಿ, ಶ್ರೀರಾಮಪುರದಲ್ಲಿ ನೆಲೆಸಿ ಭಾರತದ ಅನೇಕ ಭಾಷೆಗಳಲ್ಲಿ ದುಡಿದನು. 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚುಹಾಕಿಸಿದನು. ಊಜ್ ನದಿಯ ದಂಡೆಯಲ್ಲಿ ಉಪದೇಶ ಕೇಳುತ್ತಿದ್ದ ತರುಣನ ಕೈಯಿಂದ ಕನ್ನಡದ ವಿಭಕ್ತಿ ಪ್ರತ್ಯಯಗಳು ಅಚ್ಚಿನ ಮನೆಗೆ ಬಂದ ಸಂಗತಿ ಸೋಜಿಗವಲ್ಲವೆ?

ಭಾರತಕ್ಕೆ ಹೊರಡುವ ಮೊದಲು, 1792ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಕೇರಿ ಒಂದು ಚಿಕ್ಕ ಮಾತನ್ನು ಎತ್ತಿದ್ದಾನೆ. ವೆಸ್ಟ್ ಇಂಡೀಸಿನ ಸಕ್ಕರೆ ಗುಲಾಮರ ದುಡಿಮೆಯಿಂದ ಬಂದುದಾದ್ದರಿಂದ ಅದನ್ನು ಅನೇಕ ಕುಟುಂಬಗಳು ಬಿಟ್ಟಿವೆ. ಹಾಗೆ ಉಳಿದ ಹಣ ಸತ್ಕಾರ್ಯಕ್ಕೆ ಸಂದರೆ ಎಷ್ಟು ಚೆನ್ನ ಎಂದು. ಹಡಗಿನ ಹಲಗೆಯ ಮೇಲೆ ಬೈಬಲ್ ಓದುತ್ತಿದ್ದ ಕಪ್ತಾನನಿಗೆ ಕಾಣದ ಪಾಪ ಒಂದು ತಲೆಮಾರು ಕಳೆಯುವುದರೊಳಗೆ ಗೃಹಿಣಿಯರ ಚಹದ ಬಟ್ಟಲಿನಲ್ಲಿಯೂ ಕಾಣಿಸತೊಡಗಿತ್ತು. ಪವಿತ್ರ ಜೀವನವೆಂದರೆ ಮಡಿ ಮೈಲಿಗೆಯ ಮಾತಲ್ಲ, ಬೇರೆಯವರ ಕಣ್ಣೀರು ಬೆರೆತ ಸವಿಯನ್ನು ನಾಲಗೆ ಒಲ್ಲೆನ್ನುವುದು ಎಂಬಷ್ಟರ ಮಟ್ಟಿಗೆ ಕೃಪೆಯ ಅರ್ಥ ಬೆಳೆದಿತ್ತು.

ಸಮಾಧಿಯ ಬಳಿ

ನ್ಯೂಟನ್ನನನ್ನು ಮೊದಲು ಲಂಡನ್ನಿನ ಚರ್ಚಿನಲ್ಲಿಯೇ ಹೆಂಡತಿಯ ಪಕ್ಕದಲ್ಲಿ ಹೂಳಿದ್ದರು. 1893ರಲ್ಲಿ ದಂಪತಿಗಳ ಅವಶೇಷಗಳನ್ನು ಓಲ್ನಿಗೆ ತಂದು ಚರ್ಚಿನ ಅಂಗಳದ ಮೂಲೆಯಲ್ಲಿ ಸಮಾಧಿ ಮಾಡಿದರು. ಹುಲ್ಲು ಬೆಳೆದ ಆ ಮೂಲೆಗೆ ಹೋಗಿ ನಿಂತವರು ಕಲ್ಲಿನ ಮೇಲಿನ ಬರಹವನ್ನು ಓದುತ್ತಾರೆ. ಬದುಕಿದ್ದಾಗ ಆತನೇ ಬರೆದಿಟ್ಟ ಮಾತುಗಳವು. ಒಮ್ಮೆ ನಾಸ್ತಿಕನೂ ದುರಾಚಾರಿಯೂ ಆಗಿದ್ದವನು, ಆಫ್ರಿಕದಲ್ಲಿ ಗುಲಾಮರ ಸೇವಕನಾಗಿದ್ದವನು, ಕ್ರಿಸ್ತನ ಕರುಣೆಯಿಂದ ಉಳಿದು, ಎದ್ದು, ಕ್ಷಮೆ ಪಡೆದು, ತಾನು ಹಾಳುಮಾಡಲು ಹೆಣಗಿದ ನಂಬಿಕೆಯನ್ನೇ ಬೋಧಿಸಲು ನಿಯಮಿತನಾದನೆಂಬುದು ಅದರ ಸಾರ.

ನಿಧಾನವಾಗಿ ಓದುವವರಿಗೆ ಅಲ್ಲಿ ಒಂದು ಮಾತು ಕಾಣುವುದಿಲ್ಲ. ಗುಲಾಮರ ಸೇವಕನಾಗಿದ್ದುದು ಇದೆ. ಗುಲಾಮರ ಹಡಗಿನ ಒಡೆಯನಾಗಿದ್ದುದು ಇಲ್ಲ. ತಾನು ಪಟ್ಟ ಪಾಡು ಕಲ್ಲಿನ ಮೇಲಿದೆ. ತಾನು ಪಡಿಸಿದ ಪಾಡನ್ನು ಓದಲು 1788ರ ಪುಸ್ತಕವನ್ನೇ ಹುಡುಕಬೇಕು. ಅದಕ್ಕಾಗಿ ಆತನನ್ನು ಹಳಿಯುವವರು ಹಳಿಯಬಹುದು. ಆದರೆ ತನ್ನ ಸಮಾಧಿಯ ಕಲ್ಲಿಗಿಂತ ಸಾವಿರ ಪಾಲು ಹೆಚ್ಚು ಜನ ಓದುವ ಕಡೆ, ಪಾರ್ಲಿಮೆಂಟಿನ ಕಡತದಲ್ಲಿ, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದುಹೋದವನು ಅವನೇ ಎಂಬುದನ್ನು ಮರೆಯಲಾಗದು.

ಕೃಪೆ ಒಂದು ಕ್ಷಣದಲ್ಲಿ ಬರಬಹುದು. ಬಿರುಗಾಳಿಯ ನಡುವೆ, ಚುಕ್ಕಾಣಿಯ ಬಳಿ ಬರಬಹುದು. ಆದರೆ ಅದು ಬಂದವನ ಕಣ್ಣು, ಕೈ, ಲೆಕ್ಕದ ಪುಸ್ತಕ, ಊಟದ ಬಟ್ಟಲುಗಳವರೆಗೆ ಇಳಿಯಲು ವರ್ಷಗಳೇ ಬೇಕಾಗಬಹುದು. ಆ ವರ್ಷಗಳಲ್ಲಿ ಸಂಕೋಲೆ ತೊಟ್ಟವರು ಕಾದಿರುತ್ತಾರೆ. ಅವರಲ್ಲಿ ಬಹುಮಂದಿ ಕಾಯುತ್ತಲೇ ಸಾಯುತ್ತಾರೆ. ತಡವಾದ ಪಶ್ಚಾತ್ತಾಪಕ್ಕೂ ಕ್ಷಮೆಯುಂಟೆಂದು ಕ್ರೈಸ್ತ ಧರ್ಮ ಹೇಳುತ್ತದೆ. ತಡವಾದದ್ದಕ್ಕೆ ಬೆಲೆ ತೆತ್ತವರು ಬೇರೆಯವರೆಂದು ಓಲ್ನಿ ನೆನಪಿಸುತ್ತದೆ.

ಸಂಜೆಯಾದಂತೆ ಊಜ್ ನದಿಯ ಮೇಲೆ ಮಂಜು ಕವಿಯತೊಡಗುತ್ತದೆ. ಸೇತುವೆಯನ್ನು ದಾಟಿ ಹಿಂದಿರುಗುವ ಪ್ರವಾಸಿಗೆ ಹುಲ್ಲುಗಾವಲಿನ ಮೇಲೆ ಬಹುದೂರದವರೆಗೆ ಆ ಶಿಖರ ಕಾಣುತ್ತಲೇ ಇರುತ್ತದೆ. ಅದರ ಗಂಟೆಯ ದನಿಗೆ ಕೈಯಲ್ಲಿ ಕಾವಲಿ ಹಿಡಿದೇ ಓಡಿದ ಹೆಂಗಸಿನ ಹೆಸರು ಯಾರಿಗೂ ಗೊತ್ತಿಲ್ಲ. ಆಕೆಯ ಅವಸರವನ್ನು ಮಾತ್ರ ಊರು ಪ್ರತಿವರ್ಷವೂ ನೆನೆಯುತ್ತದೆ.